ಬಲ್ಲಾಳರ ಇಪ್ಪತ್ತು ಬಸ್ಕಿ

ಹತ್ತು ವಿಷಯ ಅರ್ಧಂಬರ್ಧ ಗೊತ್ತಿರುವವನಿಂದ ಊರಿಗೆ ಅಂಥ ಅಪಾಯವೇನಿಲ್ಲ. ಅವನು ಎಲ್ಲ ಕಡೆ ಮೂಗು ತೂರಿಸಿ, ಎಲ್ಲ ಕಡೆಯೂ ಬೈಸಿಕೊಂಡು, ಹೊತ್ತು ಮುಳುಗುವ ಮೊದಲು ಮನೆ ಸೇರುತ್ತಾನೆ. ಹೆದರಬೇಕಾದದ್ದು ಒಂದೇ ಒಂದು ವಿಷಯವನ್ನು ಪೂರ್ತಿ ತಿಳಿದುಕೊಂಡವನಿಗೆ. ಶಿರ್ತಾಡಿಯ ಚಿನ್ನಯ್ಯ ಮಾಷ್ಟ್ರು ಅಂಥವರು. ಬಸ್ಕಿ ಹೊಡೆಯುವುದು ಹೇಗೆ ಎಂಬುದು ಅವರಿಗೆ ಪೂರ್ತಿ ಗೊತ್ತಿತ್ತು.

ಸಾವಿರದ ಒಂಬೈನೂರ ಅರುವತ್ತನೇ ಇಸವಿಯ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಹನ್ನೆರಡು ದಿನದ ಒಂದು ವ್ಯಾಯಾಮ ಶಿಬಿರ ನಡೆಯಿತು. ಸ್ವಾತಂತ್ರ್ಯ ಬಂದು ಹದಿಮೂರು ವರ್ಷವಾದರೂ ಜನರ ಬೆನ್ನು ಇನ್ನೂ ಬಾಗಿಕೊಂಡೇ ಇದೆ ಎಂದು ಮೇಲಿನವರಿಗೆ ಯಾರಿಗೋ ಅನಿಸಿ, ಶಾಲೆಗೊಬ್ಬ ಶಿಕ್ಷಕ ಬರಬೇಕೆಂದು ಸುತ್ತೋಲೆ ಕಳಿಸಿದ್ದರು. ಚಿನ್ನಯ್ಯ ಮಾಷ್ಟ್ರ ಶಾಲೆಯಲ್ಲಿ ಇದ್ದದ್ದೇ ಮೂವರು. ಹೆಡ್‌ಮಾಷ್ಟ್ರಿಗೆ ಉಬ್ಬಸ, ಟೀಚರು ಬಾಣಂತಿ. ಉಳಿದವರು ಚಿನ್ನಯ್ಯ ಮಾಷ್ಟ್ರು. ಅವರೋ ಛತ್ರಿ ಹಿಡಿದು ಗೋಡೆಗೆ ಒರಗಿದರೆ ಎರಡು ಛತ್ರಿ ಒರಗಿಸಿಟ್ಟ ಹಾಗೆ ಕಾಣುವ ಆಳು. ಆದರೂ ಸರಕಾರದ ಆಜ್ಞೆ, ಹೋದರು.

ಶಿಬಿರದಲ್ಲಿ ಕಲಿಸಲು ಬಂದವರು ಕೊಡಗಿನ ಕಡೆಯ ಒಬ್ಬ ನಿವೃತ್ತ ಹವಾಲ್ದಾರರು. ಮೊದಲ ಮೂರು ದಿನ ಅವರು ಬಸ್ಕಿ ಬಿಟ್ಟು ಬೇರೆ ಸುದ್ದಿಯನ್ನೇ ಎತ್ತಲಿಲ್ಲ. ಪಾದಗಳ ನಡುವೆ ಹೆಗಲಿನಷ್ಟು ಅಂತರ, ಬೆರಳುಗಳು ತುಸು ಹೊರಗೆ. ಹಿಂದೆ ಒಂದು ಮಣೆ ಇದೆ, ಅದರ ಮೇಲೆ ಕೂರುತ್ತಿದ್ದೇನೆ ಎಂದು ತಿಳಿದು ಸೊಂಟ ಹಿಂದಕ್ಕೆ. ಎದೆ ಮೇಲೆ, ಬೆನ್ನು ನೇರ, ಮೊಣಕಾಲು ಬೆರಳು ತೋರಿಸಿದ ಕಡೆಗೇ. ಹಿಮ್ಮಡಿ ನೆಲ ಬಿಡಕೂಡದು. ಇಳಿಯುವಾಗ ಉಸಿರು ಒಳಗೆ, ಏಳುವಾಗ ಹೊರಗೆ. ಮೊದಲು ಬರಿಗೈ, ಆಮೇಲೆ ಸ್ವಲ್ಪ ಭಾರ, ವಾರಕ್ಕೆ ಸ್ವಲ್ಪ ಹೆಚ್ಚು. ನೋವು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಚಿನ್ನಯ್ಯ ಮಾಷ್ಟ್ರು ಇದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದರು.

ನಾಲ್ಕನೆಯ ದಿನ ಅವರಿಗೆ ಮಂಗನಬಾವು ಬಂತು. ಎರಡೂ ಕೆನ್ನೆ ಊದಿ ಕಣ್ಣಿಗೆ ತಾಗಿದವು. ಉಳಿದ ಒಂಬತ್ತು ದಿನ ಶಿಬಿರದ ಹಿಂದಿನ ಕೋಣೆಯಲ್ಲಿ ಗಂಜಿ ಕುಡಿದು ಮಲಗಿದರು. ಐದನೆಯ ದಿನದ ಪಾಠ 'ಎತ್ತಿದ ಭಾರವನ್ನು ಇಳಿಸುವ ಕ್ರಮ' ಎಂದು ಕಾಗದದಲ್ಲಿ ಬರೆದಿತ್ತು. ಅದೂ ಹೋಯಿತು. ಆದರೆ ಹಾಜರಿಪಟ್ಟಿಯಲ್ಲಿ ಹೆಸರಿದ್ದವರಿಗೆಲ್ಲ ಕೊನೆಯ ದಿನ ಸರ್ಟಿಫಿಕೇಟು ಸಿಕ್ಕಿತು: ಶ್ರೀ ಚಿನ್ನಯ್ಯನವರು ಆರೋಗ್ಯವಂತ ವಯಸ್ಕರಿಗೆ ಭಾರದ ವ್ಯಾಯಾಮ ಕಲಿಸಲು ಅರ್ಹರು.

ಬಸ್ಸಿಳಿದಾಗ ಕೆನ್ನೆಯ ಬಾವು ಇನ್ನೂ ಪೂರ್ತಿ ಇಳಿದಿರಲಿಲ್ಲ. ಕಟ್ಟೆಯ ಬಳಿಯ ಜೀನಸು ಅಂಗಡಿಯ ಇಬ್ರಾಹಿಂ ಖಲೀಲ್ ಮಾಷ್ಟ್ರನ್ನು ನೋಡಿ ತಕ್ಕಡಿ ಕೆಳಗಿಟ್ಟ.

"ಹನ್ನೆರಡೇ ದಿನಕ್ಕೆ ಇಷ್ಟು ಮೈ ಬಂತಾ ಮಾಷ್ಟ್ರೇ? ವ್ಯಾಯಾಮ ಅಂದ್ರೆ ಎಂಥದ್ದು ಅಂತ ಈಗ ಗೊತ್ತಾಯ್ತು."

ಬಾಯಿ ತೆರೆದರೆ ದವಡೆ ನೋಯುತ್ತಿತ್ತು. ಮಾಷ್ಟ್ರು ಸುಮ್ಮನೆ ತಲೆಯಾಡಿಸಿದರು. ಸುಮ್ಮನಿದ್ದರೆ ಜನ ನಮ್ಮ ಬಗ್ಗೆ ಒಳ್ಳೆಯದನ್ನೇ ತಿಳಿಯುತ್ತಾರೆ ಎಂಬ ಪಾಠವನ್ನು ಅವರು ಅಂದು ಕಲಿತರು. ಮುಂದಿನ ಅನಾಹುತಕ್ಕೆಲ್ಲ ಮಂಗನಬಾವೇ ಕಾರಣ ಎಂದು ನಾನು ಹೇಳುವುದಿಲ್ಲ, ಆದರೆ ಶುರುವಾದದ್ದು ಅಲ್ಲಿಂದ.

ಈ ಸುದ್ದಿ ಪದ್ಮರಾಜ ಬಲ್ಲಾಳರ ಕಿವಿಗೂ ಬಿತ್ತು. ಬಲ್ಲಾಳರು ಊರಿನ ದೊಡ್ಡ ಜೈನ ಮನೆಯ ಯಜಮಾನರು, ಶಾಲೆಯ ಮ್ಯಾನೇಜರರು. ಆದರೆ ಊರಿಗೆ ಅವರು ಬೇಕಾಗಿದ್ದದ್ದು ಗದ್ದೆಗಾಗಿ ಅಲ್ಲ, ಮಾತಿಗಾಗಿ. ಗಡಿಯ ಜಗಳ, ನೀರಿನ ಜಗಳ, ಅಣ್ಣತಮ್ಮಂದಿರ ಪಾಲು, ಎಲ್ಲವೂ ಅವರ ಚಾವಡಿಗೆ ಬರುತ್ತಿದ್ದವು. ಬಲ್ಲಾಳರು ಎರಡೂ ಕಡೆ ಕೇಳಿ, ವೀಳ್ಯ ಬಾಯಿಗೆ ಹಾಕಿ, ಅದು ಮುಗಿದ ಮೇಲೆ ಒಂದು ಮಾತು ಹೇಳುತ್ತಿದ್ದರು. ಆ ಮಾತಿನ ಮೇಲೆ ಯಾರೂ ಕಾರ್ಕಳದ ಕೋರ್ಟಿನ ಮೆಟ್ಟಿಲು ಹತ್ತಿದವರಿಲ್ಲ. ಎರಡು ವರ್ಷದ ಹಿಂದೆ ಸುಬ್ಬಯ್ಯ ಶೆಟ್ಟಿಗೂ ನೆರೆಮನೆಯ ಬೀಪಾತುಮ್ಮನಿಗೂ ಗಡಿಯ ಮೇಲಿನ ಹಲಸಿನ ಮರಕ್ಕಾಗಿ ಜಗಳವಾಗಿತ್ತು. "ಮೂಡು ಬದಿಯ ಹಣ್ಣು ಬೀಪಾತುಮ್ಮನಿಗೆ, ಪಡು ಬದಿಯದ್ದು ಸುಬ್ಬಯ್ಯನಿಗೆ. ಕೊಡಲಿ ಯಾರೂ ಮುಟ್ಟಬಾರದು" ಎಂದು ಬಲ್ಲಾಳರು ಹೇಳಿದ್ದರು. ಬೀಪಾತುಮ್ಮ ಗಂಡ ಸತ್ತ ಹೆಂಗಸು. ಮೂಡು ಬದಿಯ ಕಾಯಿಯಿಂದ ಹಪ್ಪಳ ಮಾಡಿ ವರ್ಷದ ಅರ್ಧ ದೂಡುತ್ತಿದ್ದಳು. ಸುಬ್ಬಯ್ಯ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದ.

ಇಂಥ ಬಲ್ಲಾಳರಿಗೆ ಒಂದು ಗುಟ್ಟಿನ ಕಷ್ಟವಿತ್ತು. ಊಟದ ಪಂಕ್ತಿಯಲ್ಲಿ ಹಿರಿಯರು ಏಳದೆ ಉಳಿದವರು ಏಳುವಂತಿಲ್ಲ. ಹಿಂದಿನ ತಿಂಗಳು ಮೂಡುಬಿದಿರೆಯಲ್ಲಿ ನೆಂಟರ ಹೊಸ ಮನೆಯ ಒಕ್ಕಲಿನ ಊಟಕ್ಕೆ ಅವರನ್ನು ಪಂಕ್ತಿಯ ತಲೆಗೆ ಕೂರಿಸಿದ್ದರು. ಊಟ ಮುಗಿಯಿತು. ಬಲ್ಲಾಳರು ಏಳಲು ನೋಡಿದರು, ಆಗಲಿಲ್ಲ. ಇಪ್ಪತ್ತು ವರ್ಷ ಆರಾಮಕುರ್ಚಿಯಲ್ಲಿ ಕೂತ ಕಾಲುಗಳು ನೆಲದ ಲೆಕ್ಕವನ್ನೇ ಮರೆತಿದ್ದವು. ಅರುವತ್ತು ಜನ ಎಂಜಲು ಕೈ ಒಣಗಿಸಿಕೊಂಡು ಅವರ ಮುಖ ನೋಡುತ್ತ ಕೂತರು. ಕೊನೆಗೆ ಇಬ್ಬರು ಎರಡು ತೋಳು ಹಿಡಿದು ಎತ್ತಬೇಕಾಯಿತು. ಭಾವ ವಿಜಯರಾಜರು ಕೈ ತೊಳೆಯುತ್ತ, "ಮುಂದಿನ ಸಲ ಬಾವಿಯ ಕಪ್ಪಿ ಹಗ್ಗ ತರಿಸುವ" ಎಂದದ್ದು ಬಲ್ಲಾಳರಿಗೆ ಕೇಳಿಸಿತ್ತು. ಇನ್ನು ಏಪ್ರಿಲಿನಲ್ಲಿ ಇದೇ ವಿಜಯರಾಜರ ಮಗಳ ಮದುವೆ.

ಬಲ್ಲಾಳರು ಮಾಷ್ಟ್ರನ್ನು ಮನೆಗೆ ಕರೆಸಿ ಚಾವಡಿಯ ಬಾಗಿಲು ಹಾಕಿದರು.

"ಮಾಷ್ಟ್ರೇ, ನನಗೆ ರೋಗ ಇಲ್ಲ. ಮಂಗಳೂರಿನ ಡಾಕ್ಟ್ರಿಗೆ ತೋರಿಸಿ ಆಯ್ತು. ಗುಂಡುಕಲ್ಲಿನ ಹಾಗೆ ಇದ್ದೀರಿ, ಮೈ ಬಗ್ಗಿಸಿ ಅಂದ್ರು. ಏಪ್ರಿಲಿನ ಮದುವೆಯಲ್ಲಿ ನಾನು ಕೈ ಊರದೆ ಏಳ್ಬೇಕು. ಕಲಿಸ್ತೀರಾ?"

"ಅದಕ್ಕೆಂತ, ಕಲಿಸ್ತೇನೆ."

"ಆದ್ರೆ ಯಾರಿಗೂ ಹೇಳ್ಲಿಕ್ಕಿಲ್ಲ. ನಲವತ್ತೆಂಟು ವರ್ಷದ ಬಲ್ಲಾಳ ಬಸ್ಕಿ ಹೊಡೀತಾನೆ ಅಂತ ಊರಲ್ಲಿ ಗೊತ್ತಾಗ್ಬಾರ್ದು. ಆಣೆ ಇಡಿ."

ಮಾಷ್ಟ್ರು ಆಣೆ ಇಟ್ಟರು. ಇಡುವಾಗ ಅವರಿಗೆ ಮನಸ್ಸಿನೊಳಗೆ ಒಂದು ಬಗೆಯ ಸಂತೋಷವಾಯಿತು. ಅದಕ್ಕೆ ಕಾರಣವುಂಟು. ಮೂರು ವರ್ಷದ ಹಿಂದೆ ಶಾಲೆಯ ವಾರ್ಷಿಕೋತ್ಸವದ ದಿನ ಮಾಷ್ಟ್ರ ಗಡಿಯಾರ ಒಂದು ಗಂಟೆ ಮುಂದೆ ಓಡಿ, ಮುಖ್ಯ ಅತಿಥಿ ಬರುವ ಮೊದಲೇ ಅವರು ವಂದನಾರ್ಪಣೆ ಮುಗಿಸಿ ಗಂಟೆ ಹೊಡೆಸಿಬಿಟ್ಟಿದ್ದರು. ಆಗ ಬಲ್ಲಾಳರು ತಂದೆತಾಯಂದಿರ ಎದುರು, "ಗಂಟೆ ನೋಡ್ಲಿಕ್ಕೆ ಬಾರದವರು ಮಕ್ಕಳಿಗೆ ಎಂತ ಕಲಿಸ್ತೀರಿ?" ಎಂದು ಕೇಳಿದ್ದರು. ಬಲ್ಲಾಳರು ಮರುದಿನವೇ ಅದನ್ನು ಮರೆತಿದ್ದರು. ಮಾಷ್ಟ್ರು ಮರೆತಿರಲಿಲ್ಲ.

ಜನವರಿಯಿಂದ ದಿನಾ ಬೆಳಿಗ್ಗೆ ಬಲ್ಲಾಳರ ಮನೆಯ ಹಿಂದಿನ ಅಂಗಳದಲ್ಲಿ ಪಾಠ ಶುರುವಾಯಿತು. ಹೇಳಬೇಕಾದ ಮಾತು ಹೇಳಲೇಬೇಕು, ಚಿನ್ನಯ್ಯ ಮಾಷ್ಟ್ರು ಒಳ್ಳೆಯ ಗುರು. ಮೊದಲು ಹಿಂದೆ ಒಂದು ಸ್ಟೂಲಿಟ್ಟು ಅದರ ಮೇಲೆ ಕೂತು ಏಳಿಸಿದರು. ಎರಡು ವಾರದ ಮೇಲೆ ಸ್ಟೂಲು ಹೋಗಿ ಮಣೆ ಬಂತು. ಬೆನ್ನು ನೇರ ಇದೆಯೋ ಎಂದು ನೋಡಲು ಒಂದು ನಾಗರಬೆತ್ತ ತಂದು ಬಲ್ಲಾಳರ ಬೆನ್ನಿಗೆ ಹಿಡಿಯುತ್ತಿದ್ದರು. ಮೂರನೆಯ ವಾರ ಭಾರ ಬೇಕಾಯಿತು. ಬಲ್ಲಾಳರ ಹೆಂಡತಿ ಅನಂತಮತಿ ಅಮ್ಮ ಐದು ಸೇರು ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿಸಿ ಒಂದು ಸಣ್ಣ ಮುಡಿ ಕಟ್ಟಿಸಿದರು. ಅದನ್ನು ಮಗುವಿನ ಹಾಗೆ ಎದೆಗೆ ಅವಚಿಕೊಂಡು ಬಲ್ಲಾಳರು ಇಳಿಯುತ್ತಿದ್ದರು, ಏಳುತ್ತಿದ್ದರು. ವಾರ ವಾರ ಮುಡಿ ಬಿಚ್ಚಿ ಎರಡೆರಡು ಸೇರು ಸೇರಿಸಿ ಮತ್ತೆ ಕಟ್ಟುವುದು.

ಇಪ್ಪತ್ತು ಮುಗಿದ ಮೇಲೆ ಮುಡಿಯನ್ನು ಕೆಳಗಿಡುವುದು ಹೇಗೆ? ಅದು ಐದನೆಯ ದಿನದ ಪಾಠ. ಮಾಷ್ಟ್ರು ಗಂಭೀರವಾಗಿ, "ಅಮ್ಮ ತೆಕ್ಕೊಳ್ಳಲಿ" ಎಂದರು. ಅನಂತಮತಿ ಅಮ್ಮ ಬಂದು ಗಂಡನ ಕೈಯಿಂದ ಮುಡಿ ತೆಗೆದುಕೊಂಡು ಜಗಲಿಯ ಮೇಲಿಡುತ್ತಿದ್ದರು. ಅದು ವಿಧಾನದ ಭಾಗವೇ ಎಂದು ಎಲ್ಲರೂ ತಿಳಿದರು.

ಫೆಬ್ರವರಿಯ ಒಂದು ಬೆಳಿಗ್ಗೆ ಹಾಲು ಕೊಡುವ ಸೇಸಮ್ಮ ಮುಂಬಾಗಿಲು ತೆರೆಯದಿರುವುದನ್ನು ಕಂಡು ಹಿತ್ತಿಲ ಕಡೆಯಿಂದ ಬಂದಳು. ಬಂದವಳು ಬೇಲಿಯ ತಡಮೆಯ ಆಚೆ ನಿಂತುಬಿಟ್ಟಳು. ಕಂಡದ್ದಿಷ್ಟು: ಊರಿನ ಧನಿಗಳು ಅಕ್ಕಿಮುಡಿ ಅಪ್ಪಿಕೊಂಡು ಬಸ್ಕಿ ಹೊಡೆಯುತ್ತಿದ್ದಾರೆ. ಎದುರಿಗೆ ಬೆತ್ತ ಹಿಡಿದ ಚಿನ್ನಯ್ಯ ಮಾಷ್ಟ್ರು.

"ಇನ್ನೂ ಕೆಳಗೆ. ತಲೆ ತಗ್ಗಿಸ್ಬೇಡಿ. ಇನ್ನು ಆರು ಬಾಕಿ ಉಂಟು."

ನಮ್ಮಲ್ಲಿ ಬಸ್ಕಿ ಹೊಡೆಯುವವರು ಎರಡೇ ಜಾತಿ. ಪಾಠ ಬಾರದ ಮಕ್ಕಳು, ಮತ್ತು ತಪ್ಪು ಮಾಡಿ ಸಿಕ್ಕಿಬಿದ್ದವರು. ಬಲ್ಲಾಳರಿಗೆ ಪಾಠದ ವಯಸ್ಸಲ್ಲ. ಸೇಸಮ್ಮ ಹಾಲಿನ ಚೆಂಬನ್ನು ತಡಮೆಯ ಬಳಿಯೇ ಇಟ್ಟು, ನಡೆದರೆ ತಡವಾಗುತ್ತದೆಂದು ಓಡಿಕೊಂಡು ಖಲೀಲನ ಅಂಗಡಿಗೆ ಹೋದಳು.

"ಕಿವಿ ಹಿಡ್ಕೊಂಡಿದ್ರಾ?" ಎಂದು ಕೇಳಿದ ಖಲೀಲ್. ಅವನು ಸಾಕ್ಷಿ ಇಲ್ಲದೆ ನಂಬುವವನಲ್ಲ.

"ಕಿವಿ ಹಿಡಿಲಿಕ್ಕೆ ಕೈ ಎಲ್ಲಿ ಖಾಲಿ ಉಂಟು? ಮುಡಿ ಹೊರಿಸಿದ್ದಾರಲ್ಲ."

"ಮಾಷ್ಟ್ರಿಗೆ ಎಂತ ತಪ್ಪು ಮಾಡಿದ್ದಾರೆ ಧನಿಗಳು?"

ಅಂಗಡಿಯಲ್ಲಿ ಕೂತಿದ್ದವರು ಯೋಚಿಸಿದರು. ಆಗ ಯಾರಿಗೋ ಮೂರು ವರ್ಷದ ಹಿಂದಿನ ಗಡಿಯಾರದ ಮಾತು ನೆನಪಾಯಿತು. ನೆನಪಾದದ್ದೇ ತಡ, ಎಲ್ಲವೂ ಕೈಗೆ ಸಿಕ್ಕಿದ ಹಾಗಾಯಿತು. ತುಂಬಿದ ಸಭೆಯಲ್ಲಿ ಗುರುವನ್ನು ಅವಮಾನ ಮಾಡಿದ್ದಕ್ಕೆ ಧನಿಗಳು ಈಗ ಪ್ರಾಯಶ್ಚಿತ್ತ ಮಾಡುತ್ತಿದ್ದಾರೆ. ಮುಂದಿನ ವಾರ ಸೇಸಮ್ಮ ಮತ್ತೆ ಹಿತ್ತಿಲಿಗೆ ಹೋಗಿ ನೋಡಿ ಬಂದು, ಮುಡಿ ದೊಡ್ಡದಾಗಿದೆ ಎಂದು ವರದಿ ಕೊಟ್ಟಳು. ತಪ್ಪಿಗೂ ಬಡ್ಡಿಯುಂಟು ಎಂದು ಊರು ತೀರ್ಮಾನಿಸಿತು.

ಇಷ್ಟಾಗುವಾಗ ಚಿನ್ನಯ್ಯ ಮಾಷ್ಟ್ರು ಏನು ಮಾಡುತ್ತಿದ್ದರು? ಏನೂ ಮಾಡಲಿಲ್ಲ. ಅದೇ ಅವರು ಮಾಡಿದ ತಪ್ಪು.

ಮೂಡುಬಿದಿರೆಯ ಬಸ್ಸಿನಲ್ಲಿ ಅವರಿಗೆ ಎದುರಿನ ಸೀಟು ಬಿಡತೊಡಗಿದರು. ಖಲೀಲ್ ಮಾಷ್ಟ್ರ ಬೆಲ್ಲವನ್ನು, ಮತ್ತೆ ತೂಗಿಸಬೇಕಾಗದ ಹಾಗೆ, ಮೊದಲ ಸಲವೇ ಸರಿಯಾಗಿ ತೂಗಿ ಕೊಟ್ಟ. ಸುಬ್ಬಯ್ಯ ಶೆಟ್ಟಿ ದಾರಿಯಲ್ಲಿ ನಿಲ್ಲಿಸಿ, ಹೆಗಲಿನ ಬೈರಾಸು ಕೈಗೆ ತೆಗೆದುಕೊಂಡು ಕೇಳಿದ.

"ಮಾಷ್ಟ್ರೇ, ಧನಿಗಳು ನಿಮ್ಮ ಎದುರು ತಪ್ಪು ಒಪ್ಪಿಕೊಂಡದ್ದು ಹೌದಾ?"

ಮಾಷ್ಟ್ರಿಗೆ ಆಣೆಯ ನೆನಪಾಯಿತು. ಹೇಳುವಂತಿಲ್ಲ. ಬಾಯಿ ಮುಚ್ಚಿಕೊಂಡು ಆಕಾಶ ನೋಡಿ ಮುಗುಳ್ನಕ್ಕರು. ಬಾಯಿ ಮುಚ್ಚುವುದಕ್ಕೆ ಆಣೆ ಇತ್ತು, ಒಪ್ಪಿದೆ. ಮುಗುಳ್ನಗುವುದಕ್ಕೆ ಯಾವ ಆಣೆಯೂ ಇರಲಿಲ್ಲ. 'ಅಂಥದ್ದೇನೂ ಇಲ್ಲ ಮಾರಾಯ' ಎಂಬ ಒಂದು ಮಾತಿಗೆ ಎಷ್ಟು ಉಸಿರು ಬೇಕು? ಅಷ್ಟು ಉಸಿರನ್ನು ಅವರು ಉಳಿಸಿಕೊಂಡರು. ಮೂರು ವರ್ಷದಿಂದ ಚುಚ್ಚುತ್ತಿದ್ದ ಮುಳ್ಳು ಆ ನಗುವಿನಲ್ಲಿ ಹೊರಬಂದ ಹಾಗಾಗಿ ಅವರಿಗೆ ಹಾಯೆನಿಸಿತು. ಮನೆಗೆ ಹೋಗುವವರೆಗೂ ಹಾಯೆನಿಸುತ್ತಲೇ ಇತ್ತು.

ಆದರೆ ಸುಬ್ಬಯ್ಯನ ತಲೆ ಅಲ್ಲಿಗೆ ನಿಲ್ಲುವ ತಲೆಯಲ್ಲ. ಗಡಿಯಾರದ ವಿಷಯದಲ್ಲಿ ಧನಿಗಳು ತಪ್ಪಿದ್ದರೆ, ಹಲಸಿನ ಮರದ ವಿಷಯದಲ್ಲಿ ತಪ್ಪಿಲ್ಲ ಎಂದು ಯಾರು ಹೇಳಿದರು? ಮಾರ್ಚಿನ ಮೊದಲ ವಾರ ಅವನು ಬಲ್ಲಾಳರ ಚಾವಡಿಗೆ ಬಂದ. ಅವನ ಹಿಂದೆ ಹಳೆಯ ತೀರ್ಪಿನಲ್ಲಿ ಸೋತ ಇನ್ನೂ ಏಳು ಜನ ಬಂದರು. ಗೆದ್ದವರು ಯಾರೂ ಬರಲಿಲ್ಲ, ಸಹಜವೇ.

"ಮರದ ತೀರ್ಪು ಇನ್ನೊಮ್ಮೆ ಆಗ್ಬೇಕು ಧನಿಗಳೇ."

"ಹೇಳಿದ್ದು ಹೇಳಿ ಆಯ್ತಲ್ಲ ಸುಬ್ಬಯ್ಯ."

"ಹೇಳಿದ್ದೆಲ್ಲ ಸರಿ ಇದ್ರೆ ನೀವು ಬಸ್ಕಿ ಯಾಕೆ ಹೊಡೀಬೇಕಿತ್ತು?"

ಬಲ್ಲಾಳರು ಬಾಯಿಗೆ ಹಾಕಿದ ವೀಳ್ಯ ಜಗಿಯುವುದನ್ನು ನಿಲ್ಲಿಸಿದರು. ಸಂಜೆ ಮಾಷ್ಟ್ರಿಗೆ ಹೇಳಿಕಳಿಸಿದರು.

"ಊರಲ್ಲಿ ಹೀಗೊಂದು ಸುದ್ದಿ ಉಂಟಂತೆ. ನೀವು ಎಂತ ಹೇಳಿದ್ರಿ ಮಾಷ್ಟ್ರೇ?"

"ನಾನು ಎಂತದೂ ಹೇಳ್ಲಿಲ್ಲ."

"ಕೇಳಿದವರಿಗೆ?"

"ಕೇಳಿದವರಿಗೂ ಹೇಳ್ಲಿಲ್ಲ. ಆಣೆ ಇತ್ತಲ್ಲ."

"ಆಣೆ ಹಾಕಿಸಿದ್ದು ನನ್ನ ಮೊಣಕಾಲಿಗೆ" ಎಂದರು ಬಲ್ಲಾಳರು. "ಮಾನಕ್ಕೆ ಅಲ್ಲ."

ಮರುದಿನ ಬೆಳಗಾದದ್ದೇ ಮಾಷ್ಟ್ರು ಖಲೀಲನ ಅಂಗಡಿಗೆ ಹೋಗಿ, ಆಣೆ ಬಿಡಿಸಿಕೊಂಡು ಬಂದಿದ್ದೇನೆಂದು ಸಾರಿ, ಎಲ್ಲರೆದುರು ಬಿಡಿಸಿ ಹೇಳಿದರು. ಅದು ವ್ಯಾಯಾಮ. ಧನಿಗಳು ಯಾವ ತಪ್ಪನ್ನೂ ಒಪ್ಪಿಲ್ಲ. ಮುಡಿ ದೊಡ್ಡದಾಗುತ್ತಿರುವುದು ಸ್ನಾಯು ಬಲವಾಗಲಿ ಎಂದು.

ಖಲೀಲ್ ಕಣ್ಣು ಒರೆಸಿಕೊಂಡ. "ನಿಮ್ಮದು ದೊಡ್ಡ ಮನಸ್ಸು ಮಾಷ್ಟ್ರೇ. ಅಷ್ಟು ಅವಮಾನ ಮಾಡಿದವರ ಮರ್ಯಾದೆ ಕಾಯ್ತೀರಲ್ಲ."

"ಮರ್ಯಾದೆ ಅಲ್ಲ ಮಾರಾಯ, ವ್ಯಾಯಾಮ."

"ಹೌದು ಹೌದು, ವ್ಯಾಯಾಮ" ಎಂದರು ಎಲ್ಲರೂ, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ. ತಿಂಗಳಿಡೀ ಸುಮ್ಮನಿದ್ದು ಬೆಳೆಸಿದ ಸುಳ್ಳನ್ನು ಅರ್ಧ ಗಂಟೆ ಮಾತಾಡಿ ಇಳಿಸಲು ಆಗುವುದಿಲ್ಲ ಎಂದು ಮಾಷ್ಟ್ರಿಗೆ ಆಗ ಗೊತ್ತಾಯಿತು.

ಅಷ್ಟರಲ್ಲಿ ಬ್ಲಾಕ್ ಕಚೇರಿಯಿಂದ ಕಾಗದ ಬಂತು. ಶಿಬಿರದಲ್ಲಿ ತರಬೇತಾದವರು ಊರಿನಲ್ಲಿ ಏನು ಕಲಿಸಿದ್ದಾರೆಂದು ನೋಡಲು ಅಧಿಕಾರಿಗಳು ಬರುತ್ತಾರೆ, ಹತ್ತು ಮಂದಿ ಆರೋಗ್ಯವಂತ ವಯಸ್ಕರನ್ನು ಸಿದ್ಧವಿಡಬೇಕು. ಮಾಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಹತ್ತು ಜನ ಸಾರ್ವಜನಿಕವಾಗಿ ಬಸ್ಕಿ ಹೊಡೆದರೆ ಬಸ್ಕಿಯೆಂದರೆ ವ್ಯಾಯಾಮ ಎಂದು ಊರಿಗೆ ತಾನಾಗಿ ತಿಳಿಯುತ್ತದೆ, ಬಲ್ಲಾಳರ ಮಾನವೂ ಉಳಿಯುತ್ತದೆ. ಆರೋಗ್ಯವಂತರನ್ನು ಹುಡುಕಿಕೊಂಡು ಹೊರಟರು.

ಊರಿಗೆ ಊರೇ ರೋಗಿಷ್ಠವಾಗಿತ್ತು.

"ನನ್ನನ್ನು ಬಿಡಿ ಮಾಷ್ಟ್ರೇ" ಎಂದ ಖಲೀಲ್. "ನಾಳೆ ಜನ ನಾನು ತೂಕದಲ್ಲಿ ಮೋಸ ಮಾಡಿ ಸಿಕ್ಕಿಬಿದ್ದೆ ಅಂತಾರೆ."

ಸೇಸಮ್ಮನ ಮಗ ಸುಧಾಕರ ಎತ್ತಿನ ಹಾಗಿದ್ದ, ಎರಡು ಮುಡಿ ಒಟ್ಟಿಗೆ ಹೊರುವವ. ಅವನಿಗೆ ಆಗಷ್ಟೇ ಮದುವೆಯಾಗಿತ್ತು. "ಹೆಂಡತಿಯ ಮನೆ ಗುರುವಾಯನಕೆರೆಯಲ್ಲಿ. ಸುದ್ದಿ ಅಲ್ಲಿಗೆ ಮುಟ್ಟಿದ್ರೆ ಎಂತ ತಪ್ಪು ಮಾಡಿದ್ದು ಅಂತ ಕೇಳ್ತಾರೆ. ಏನೂ ಇಲ್ಲ ಅಂದ್ರೆ ಇನ್ನೂ ದೊಡ್ಡದು ಅಂತ ತಿಳೀತಾರೆ." ಹೀಗೆ ಒಬ್ಬನಿಗೆ ಸೊಂಟ, ಒಬ್ಬನಿಗೆ ಮಾವ, ಒಬ್ಬನಿಗೆ ಅಮಾವಾಸ್ಯೆ. ಮಾಷ್ಟ್ರ ಪಟ್ಟಿಯಲ್ಲಿ ಒಂದು ಹೆಸರೂ ಬರೆಯಲಾಗಲಿಲ್ಲ.

ಅಧಿಕಾರಿಗಳು ಜೀಪಿನಲ್ಲಿ ಬಂದು ಶಾಲೆಯ ಅಂಗಳದಲ್ಲಿ ಕುರ್ಚಿ ಹಾಕಿಸಿ ಕೂತರು. ನೋಡಲು ಇನ್ನೂರು ಜನ ಸೇರಿದ್ದರು, ಮಾಡಲು ಯಾರೂ ಇಲ್ಲ. ನಡುವೆ ಇಪ್ಪತ್ತೊಂದು ಸೇರಿಗೆ ಬೆಳೆದ ಬಲ್ಲಾಳರ ಮುಡಿ ಒಂಟಿಯಾಗಿ ಕೂತಿತ್ತು.

"ಎಲ್ಲಿ ನಿಮ್ಮ ಆರೋಗ್ಯವಂತ ವಯಸ್ಕರು?" ಎಂದರು ಅಧಿಕಾರಿಗಳು. "ಯಾರಿಗೂ ಕಲಿಸಿಲ್ಲವೆಂದರೆ ನಾನು ಹಾಗೆಯೇ ಬರೆಯಬೇಕಾಗುತ್ತದೆ."

ಚಿನ್ನಯ್ಯ ಮಾಷ್ಟ್ರು ಖಾಲಿ ಪಟ್ಟಿಯನ್ನು ಜೇಬಿನೊಳಗೆ ತಳ್ಳಿದರು. ಆಗ ಜನರ ಹಿಂದಿನಿಂದ ಬಲ್ಲಾಳರು ನಡೆದು ಬಂದರು. ಶಾಲು ಮಡಚಿ ಕುರ್ಚಿಯ ಮೇಲಿಟ್ಟರು. ಕಚ್ಚೆ ಬಿಗಿದರು. ಮಾಷ್ಟ್ರ ಹತ್ತಿರ ಬಂದಾಗ, "ನಿಮ್ಮ ಕೆಲಸಕ್ಕೆ ತೊಂದರೆ ಆಗ್ಬಾರ್ದಲ್ಲ" ಎಂದು ಮೆಲ್ಲಗೆ ಹೇಳಿದರು. ಸುಧಾಕರ ಮುಡಿ ಎತ್ತಿ ಅವರ ಎದೆಗೆ ಕೊಟ್ಟ.

ಇಪ್ಪತ್ತು ಬಸ್ಕಿ. ಬೆನ್ನು ದಾರ ಹಿಡಿದ ಹಾಗೆ ನೇರ. ಹಿಮ್ಮಡಿ ಒಮ್ಮೆಯೂ ಏಳಲಿಲ್ಲ, ಮೊಣಕಾಲು ಒಳಗೆ ಬೀಳಲಿಲ್ಲ, ಉಸಿರು ತಪ್ಪಲಿಲ್ಲ. ಕೊಡಗಿನ ಹವಾಲ್ದಾರರು ಇದ್ದಿದ್ದರೆ ಟೊಪ್ಪಿ ತೆಗೆಯುತ್ತಿದ್ದರು. ಚಿನ್ನಯ್ಯ ಮಾಷ್ಟ್ರ ಬದುಕಿನಲ್ಲಿ ಅಷ್ಟು ಚೆನ್ನಾಗಿ ಕಲಿತ ಶಿಷ್ಯ ಇನ್ನೊಬ್ಬನಿಲ್ಲ. ಇನ್ನೂರು ಜನ ಉಸಿರು ಬಿಗಿಹಿಡಿದು ನೋಡಿದರು. ಹದಿನೈದರ ಹೊತ್ತಿಗೆ ಸೇಸಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳತೊಡಗಿದಳು.

ಇಪ್ಪತ್ತು ಮುಗಿಯಿತು. ಬಲ್ಲಾಳರು ಮುಡಿ ಹಿಡಿದು ನಿಂತರು. ತೆಗೆದುಕೊಳ್ಳಲು ಅನಂತಮತಿ ಅಮ್ಮ ಅಲ್ಲಿರಲಿಲ್ಲ. ಬಲ್ಲಾಳರು ಮಾಷ್ಟ್ರನ್ನು ನೋಡಿದರು. ಮುಂದೇನು ಎಂದು ಮಾಷ್ಟ್ರಿಗೆ ಗೊತ್ತಿರಲಿಲ್ಲ. ಐದನೆಯ ದಿನ ಅವರು ಗಂಜಿ ಕುಡಿಯುತ್ತಿದ್ದರು.

ಅಷ್ಟರಲ್ಲಿ ಸುಬ್ಬಯ್ಯ ಶೆಟ್ಟಿ ಮುಂದೆ ಬಂದು ಬಲ್ಲಾಳರ ಕೈಯಿಂದ ಮುಡಿ ತೆಗೆದುಕೊಂಡ. ಅವನ ದನಿ ನಿಜವಾಗಿಯೂ ಗದ್ಗದವಾಗಿತ್ತು.

"ಸಾಕು ಧನಿಗಳೇ. ಸರಕಾರದವರ ಎದುರು, ಇಷ್ಟು ಜನರ ಎದುರು ಒಪ್ಪಿಕೊಂಡ್ರಿ. ಇನ್ನು ನಮಗೆ ಯಾರಿಗೂ ನಿಮ್ಮ ಮೇಲೆ ಬೇಸರ ಇಲ್ಲ. ನಾವು ಕ್ಷಮಿಸಿ ಆಯ್ತು."

"ಅದು ವ್ಯಾಯಾಮ" ಎಂದು ಚಿನ್ನಯ್ಯ ಮಾಷ್ಟ್ರು ಕೂಗಿದರು. ಆ ಕೂಗು ಜನರ ಚಪ್ಪಾಳೆಯಲ್ಲಿ ಮುಳುಗಿತು. ಮೊದಲು ಚಪ್ಪಾಳೆ ತಟ್ಟಿದವರು ಅಧಿಕಾರಿಗಳು. ಸಾರ್ವಜನಿಕರ ಭಾವಪೂರ್ಣ ಸಹಕಾರ ಗಮನಾರ್ಹ ಎಂದು ಅವರು ಬರೆದುಕೊಂಡು ಹೋದರು.

ಬಲ್ಲಾಳರು ಶಾಲು ಹೊದ್ದುಕೊಂಡು ಮನೆಗೆ ನಡೆದರು.

ಮರುದಿನ ಬೆಳಿಗ್ಗೆ ಕೊಡಲಿಯ ಸದ್ದು ಕೇಳಿ ಮಾಷ್ಟ್ರು ಓಡಿದರು. ಅವರು ತಲುಪುವಾಗ ಹಲಸಿನ ಮರ ಬಿದ್ದಾಗಿತ್ತು. ಎಳೆಯ ಹಲಸಿನ ಗುಜ್ಜೆಗಳು ಅಂಗಳದ ತುಂಬ ಉರುಳಿದ್ದವು. ಮೂಡು ಬದಿಯದ್ದು ಯಾವುದು, ಪಡು ಬದಿಯದ್ದು ಯಾವುದು ಎಂದು ಇನ್ನು ಹೇಳುವಂತಿರಲಿಲ್ಲ. ಬೀಪಾತುಮ್ಮ ತನ್ನ ಬಾಗಿಲಲ್ಲಿ ಕೂತಿದ್ದಳು.

"ಧನಿಗಳ ಹತ್ರ ಹೋಗುವ ಬೀಪಾತುಮ್ಮ. ನಾನೂ ಬರ್ತೇನೆ" ಎಂದರು ಮಾಷ್ಟ್ರು.

"ಎಂತಕ್ಕೆ ಮಾಷ್ಟ್ರೇ? ಅವರ ಮಾತು ಈಗ ಯಾರು ಕೇಳ್ತಾರೆ?"

ಮಾಷ್ಟ್ರು ಬಗ್ಗಿದರು. ಒಂದು ಗುಜ್ಜೆಯನ್ನು ಎತ್ತಿ ಅವಳ ಜಗಲಿಯ ಮೇಲಿಟ್ಟರು. ಅದರಿಂದ ಏನೂ ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆ ತಿಂಗಳಿನಿಂದ ಊರಿನ ಜಗಳಗಳು ಕಾರ್ಕಳದ ಬಸ್ಸು ಹತ್ತತೊಡಗಿದವು. ಮೊದಲು ಹತ್ತಿದವಳು ಬೀಪಾತುಮ್ಮ, ಬಗಲಲ್ಲಿ ಒಂದು ಹಪ್ಪಳದ ಕಟ್ಟು ಇಟ್ಟುಕೊಂಡು. ವಕೀಲರಿಗೆ ಕೊಡಲು ಅವಳಲ್ಲಿ ಬೇರೇನೂ ಇರಲಿಲ್ಲ.

ಏಪ್ರಿಲಿನಲ್ಲಿ ಮೂಡುಬಿದಿರೆಯ ಮದುವೆಗೆ ಬಲ್ಲಾಳರು ಮಾಷ್ಟ್ರನ್ನೂ ಕರೆದುಕೊಂಡು ಹೋದರು. ಹೋಗುವುದಕ್ಕೆ ಮಾಷ್ಟ್ರಿಗೆ ಮುಖವಿರಲಿಲ್ಲ, ಬರುವುದಿಲ್ಲ ಎನ್ನಲೂ ಮುಖವಿರಲಿಲ್ಲ. ಸುದ್ದಿ ಅವರಿಗಿಂತ ಮೊದಲಿನ ಬಸ್ಸಿನಲ್ಲೇ ಹೋಗಿತ್ತು. ಊಟದ ಹೊತ್ತಿಗೆ ವಿಜಯರಾಜರು ಬಂದು ಭಾವನ ಕೈ ಹಿಡಿದುಕೊಂಡು, ಬಹಳ ವಿನಯದಿಂದ ನಡುವಿನ ಒಂದು ಎಲೆ ತೋರಿಸಿದರು. ಪಂಕ್ತಿಯ ತಲೆಗೆ ಬೇರೆ ಯಾರೋ ಹಿರಿಯರನ್ನು ಕೂರಿಸಿ ಆಗಿತ್ತು.

"ಇಲ್ಲಿ ಗಾಳಿ ಚೆನ್ನಾಗಿ ಬರ್ತದೆ ಭಾವ" ಎಂದರು ವಿಜಯರಾಜರು.

ಬಲ್ಲಾಳರು ಕೂತರು. ಶಿಸ್ತಾಗಿ ಉಂಡರು. ತಮ್ಮ ಊಟ ಮುಗಿದಾಗ, ಇಪ್ಪತ್ತು ವರ್ಷದ ಅಭ್ಯಾಸದಂತೆ ತಾವೇ ಹಿರಿಯರೆಂಬ ನೆನಪಿನಲ್ಲಿ, ಎದ್ದರು. ಕೈ ಊರಲಿಲ್ಲ, ಯಾರ ತೋಳೂ ಹಿಡಿಯಲಿಲ್ಲ, ಒಂದೇ ಉಸಿರಿಗೆ ಕಂಬದ ಹಾಗೆ ನೇರ ಎದ್ದು ನಿಂತರು. ಮೂರು ತಿಂಗಳು ಕಲಿತದ್ದು ಅದಕ್ಕಾಗಿಯೇ.

ಅವರು ಎದ್ದರು. ಪಂಕ್ತಿ ಏಳಲಿಲ್ಲ.

ಅರುವತ್ತು ಜನ ತಲೆ ತಗ್ಗಿಸಿ ಎಲೆಯ ಪಾಯಸ ಬಳಿಯುತ್ತಿದ್ದರು. ಬಲ್ಲಾಳರು ಅತ್ತ ಇತ್ತ ನೋಡಿ, ನಿಧಾನವಾಗಿ, ಸರಿಯಾದ ಕ್ರಮದಲ್ಲೇ, ಬೆನ್ನು ನೇರ ಇಟ್ಟುಕೊಂಡು ಮತ್ತೆ ಕೂತರು. ಎದುರು ಸಾಲಿನಲ್ಲಿ ಕೂತಿದ್ದ ಚಿನ್ನಯ್ಯ ಮಾಷ್ಟ್ರು ಅದನ್ನು ನೋಡಿದರು. ಆ ದಿನ ದಾರಿಯಲ್ಲಿ ಸುಬ್ಬಯ್ಯನ ಎದುರು ನಕ್ಕ ನಗುವನ್ನು ಹೇಗಾದರೂ ವಾಪಸು ತೆಗೆದುಕೊಳ್ಳುವಂತಿದ್ದರೆ ಅವರು ತಮ್ಮ ಸರ್ಟಿಫಿಕೇಟನ್ನೂ ಗಡಿಯಾರವನ್ನೂ ಕೊಟ್ಟುಬಿಡುತ್ತಿದ್ದರು.

ಮರುದಿನ ಬೆಳಿಗ್ಗೆ ಅವರು ಬಲ್ಲಾಳರ ಮನೆಗೆ ಹೋದರು. ಹಿತ್ತಿಲಿಗೆ ಅಲ್ಲ, ಎಲ್ಲರಿಗೂ ಕಾಣುವ ಮುಂದಿನ ಅಂಗಳಕ್ಕೆ. ಬಲ್ಲಾಳರು ಜಗಲಿಯ ಆರಾಮಕುರ್ಚಿಯಲ್ಲಿ ಕೂತಿದ್ದರು. ಮಾಷ್ಟ್ರು ಚಪ್ಪಲಿ ಕಳಚಿದರು, ಎರಡೂ ಕೈಯಿಂದ ಎರಡೂ ಕಿವಿ ಹಿಡಿದುಕೊಂಡರು, ಬಸ್ಕಿ ಹೊಡೆಯಲು ಶುರು ಮಾಡಿದರು.

ಬಲ್ಲಾಳರು ಬಹಳ ಹೊತ್ತು ನೋಡುತ್ತಿದ್ದರು. ಏಳನೆಯದಕ್ಕೆ ಮಾಷ್ಟ್ರ ಕಾಲು ನಡುಗಿತು. ಕಲಿಸುವುದು ಬೇರೆ, ಹೊಡೆಯುವುದು ಬೇರೆ.

"ಹಿಮ್ಮಡಿ ಏಳ್ತಾ ಉಂಟು ಮಾಷ್ಟ್ರೇ" ಎಂದರು ಬಲ್ಲಾಳರು.

ಮಾಷ್ಟ್ರು ಹಿಮ್ಮಡಿ ಊರಿದರು.

"ಬೆನ್ನು ನೇರ ಇರ್ಲಿ."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಕ್ಷಮಿಸುವುದಿಲ್ಲ ಎಂದೂ ಹೇಳಲಿಲ್ಲ. ಅನಂತಮತಿ ಅಮ್ಮ ಬಾಗಿಲಿಗೆ ಬಂದು ನಿಂತರು, ಆದರೆ ಮಾಷ್ಟ್ರ ಕೈಯಿಂದ ತೆಗೆದುಕೊಳ್ಳಲು ಅಲ್ಲಿ ಮುಡಿಯೇನೂ ಇರಲಿಲ್ಲ.

ಅಷ್ಟರಲ್ಲಿ ಹಾಲಿನ ಚೆಂಬು ಹಿಡಿದ ಸೇಸಮ್ಮ, ಜೊತೆಯಲ್ಲಿ ನೆರೆಮನೆಯ ಅವ್ವಮ್ಮ, ಗದ್ದೆಯ ಹುಣಿಯ ಮೇಲೆ ನಡೆದು ಬರುತ್ತಿದ್ದವರು ನಿಂತರು.

"ನೋಡು, ಮಾಷ್ಟ್ರು ವ್ಯಾಯಾಮ ಮಾಡ್ತಾ ಇದ್ದಾರೆ" ಎಂದಳು ಸೇಸಮ್ಮ. "ಮಂಗಳೂರಲ್ಲಿ ಕಲಿತದ್ದಲ್ವಾ, ಎಷ್ಟು ಚಂದ ಉಂಟು."

"ಕಿವಿ ಹಿಡ್ಕೊಂಡಿದ್ದಾರಲ್ಲ?" ಎಂದಳು ಅವ್ವಮ್ಮ.

"ಅದು ಕೈ ಅಲ್ಲಾಡ್ಬಾರ್ದು ಅಂತ. ಹಾಗೇ ಮಾಡುವ ಕ್ರಮ."

ಇದು ವ್ಯಾಯಾಮವಲ್ಲ ಎಂದು ಅವರಿಗೆ ಹೇಳಬೇಕೆಂದು ಚಿನ್ನಯ್ಯ ಮಾಷ್ಟ್ರು ಬಾಯಿ ತೆರೆದರು. ಅದು ಹತ್ತೊಂಬತ್ತನೆಯದು, ಮೇಲೆ ಬರುತ್ತಿದ್ದರು. ಏಳುವಾಗ ಉಸಿರು ಬಿಡಬೇಕು. ಬಿಟ್ಟರು.